ಬಣ್ಣ ಬೇಡ, ನಂಬರ್ ಹೇಳಿ

ನಿವೃತ್ತಿಯ ದಿನ ಆಫೀಸಿನಲ್ಲಿ ನನಗೆ ಶಾಲು ಹೊದಿಸಿದರು. ಎಲ್ಲರೂ ಶಾಲಿನ ಬಣ್ಣವನ್ನು ಹೊಗಳಿದರು, ನಾನೂ ತಲೆಯಾಡಿಸಿದೆ. ಮನೆಗೆ ಬಂದು ಹೆಂಡತಿ ಸುಮಾಳಿಗೆ ತೋರಿಸಿ, "ಹಸರ ಶಾಲು ಕೊಟ್ಟಾರ ನೋಡು," ಎಂದೆ. ಅವಳು ಒಲೆಯ ಮುಂದಿನಿಂದಲೇ ಕತ್ತು ತಿರುಗಿಸಿ, "ಮರೂನ್ ಅದ ರೀ ಅದು. ಇಷ್ಟು ವರ್ಷ ಬಣ್ಣದ್ದ ನೌಕರಿ ಮಾಡಿದ್ರಿ, ಮೊದಲ ನನ್ನ ಕೇಳಿ ಆಮ್ಯಾಲೆ ಮಾತಾಡಬೇಕು ಅನ್ನೋದು ಇನ್ನೂ ಕಲೀಲಿಲ್ಲ ನೀವು," ಎಂದಳು.

ವಿಷಯ ಇಷ್ಟೇ. ನನಗೆ ಕೆಂಪು ಮತ್ತು ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ, ಹುಟ್ಟಿನಿಂದಲೂ ಹೀಗೇ. ಮತ್ತು ನಾನು ನೌಕರಿಯ ಉದ್ದಕ್ಕೂ ಮಾಡಿದ್ದು ಸೀರೆ ಗಿರಣಿಗಳಿಗೆ ಬಣ್ಣ ಆರಿಸಿಕೊಡುವ ಸಾಫ್ಟ್‌ವೇರ್. ನಗುವವರು ಈಗಲೇ ನಕ್ಕು ಮುಗಿಸಿದರೆ ಮುಂದೆ ಓದಲು ಅನುಕೂಲ.

ಬೀಳ್ಕೊಡುಗೆಯ ಭಾಷಣದಲ್ಲಿ ನನ್ನ ಬಡ್ತಿಗಳನ್ನೆಲ್ಲ ಓದಿದರು. ಅವುಗಳಿಂದ ಯಾರಿಗೂ ಮೂರು ಕಾಸಿನ ಪ್ರಯೋಜನವಿಲ್ಲ. ಈಗ ಹೊಸದಾಗಿ ಕೀಬೋರ್ಡ್ ಮುಂದೆ ಕೂರುತ್ತಿರುವ ಹುಡುಗ ಹುಡುಗಿಯರಿಗೆ ನಾನು ಎಡವಿದ ಜಾಗಗಳು ಗೊತ್ತಿರುವುದು ಒಳ್ಳೆಯದು. ಅಲ್ಲಿ ಕಲ್ಲು ಇನ್ನೂ ಹಾಗೇ ಬಿದ್ದಿದೆ.

ನಮ್ಮದು ಗದಗ. ಅಪ್ಪನನ್ನು ಬ್ಯಾಂಕಿನವರು ವಡೋದರಾಕ್ಕೆ ವರ್ಗ ಮಾಡಿದ್ದರಿಂದ ನಾವು ಅಲ್ಲಿನ ಮಂಜಲ್‌ಪುರ ಬಡಾವಣೆಗೆ ಬಂದು ಬಿದ್ದೆವು. ಅಡ್ಡಹೆಸರು ದೇಸಾಯಿ. ಗುಜರಾತಿನಲ್ಲೂ ದೇಸಾಯಿಗಳಿಗೆ ಬರವಿಲ್ಲ, ಹಾಗಾಗಿ ಸಿಕ್ಕವರೆಲ್ಲ ನನ್ನನ್ನು ತಮ್ಮವನೆಂದು ತಿಳಿದು ನೇರ ಗುಜರಾತಿಯಲ್ಲೇ ಶುರು ಮಾಡುತ್ತಿದ್ದರು. ಎರಡನೆಯ ವಾಕ್ಯಕ್ಕೆ ನನ್ನ ಬಂಡವಾಳ ಬಯಲಾಗಿ ಇಬ್ಬರೂ ಹಿಂದಿಗೆ ಇಳಿಯುತ್ತಿದ್ದೆವು. ಈ ಬರಹದಲ್ಲಿ ಅಲ್ಲಿನವರು ಆಡುವ ಮಾತೆಲ್ಲ ಆ ಕಲಸುಮೇಲೋಗರದ್ದೇ, ಕನ್ನಡ ಮಾಡಿದ್ದು ಮಾತ್ರ ನಾನು.

ಆ ಕಾಲದ ಎಲ್ಲ ತರುಣರಂತೆ ನಾನೂ ರೈಲ್ವೆ ಪರೀಕ್ಷೆ ಬರೆದು ಪಾಸಾದೆ. ವೈದ್ಯಕೀಯ ತಪಾಸಣೆಯಲ್ಲಿ ಡಾಕ್ಟರು ಬಣ್ಣಬಣ್ಣದ ಚುಕ್ಕೆಗಳಿದ್ದ ಪುಸ್ತಕ ತೆರೆದು, "ಇದರಲ್ಲಿ ಯಾವ ಅಂಕಿ ಕಾಣುತ್ತಿದೆ?" ಎಂದರು. "ಇದರಲ್ಲಿ ಅಂಕಿಯೂ ಇದೆಯಾ ಸರ್?" ಎಂದೆ. ಅವರು ಪುಸ್ತಕ ಮುಚ್ಚಿದರು. ನನ್ನ ರೈಲ್ವೆ ಸೇವೆ ಅಲ್ಲಿಗೆ ಮುಗಿಯಿತು.

ಆಮೇಲೆ ಮಂಜಲ್‌ಪುರದಲ್ಲೇ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಸಂದರ್ಶನ. ಮಾಲೀಕ ಜಯೇಶಭಾಯ್ ಪ್ರೋಗ್ರಾಮಿಂಗ್ ಬರುತ್ತದೆಯೇ ಎಂದು ಕೇಳಿದರು, ಬರುತ್ತದೆ ಎಂದೆ. ಭಾನುವಾರ ಬರುತ್ತೀರಾ ಎಂದು ಕೇಳಿದರು, ಬರುತ್ತೇನೆ ಎಂದೆ. ಬಣ್ಣ ಕಾಣುತ್ತದೆಯೇ ಎಂದು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವ ಪದ್ಧತಿ ನಮ್ಮ ಮನೆತನದಲ್ಲಿ ಇಲ್ಲ. ಸೂರತ್ತಿನ ಗಿರಣಿಗಳಿಗೆ ಸೀರೆ ವಿನ್ಯಾಸದ ಸಾಫ್ಟ್‌ವೇರ್ ಮಾಡುತ್ತೇವೆ ಎಂದು ಅವರು ಹೇಳಿದ್ದು ಕೆಲಸಕ್ಕೆ ಸೇರಿದ ಮರುದಿನ.

ನನಗೆ ಕೊಟ್ಟ ಮೊದಲ ಕೆಲಸ ಬಣ್ಣ ಆರಿಸುವ ಕಿಟಕಿ. ನೀವೆಲ್ಲ ನೋಡಿರುತ್ತೀರಿ. ಗುಂಡಿ ಒತ್ತಿದರೆ ಪುಟ್ಟ ಕಿಟಕಿಯೊಂದು ತೆರೆಯುತ್ತದೆ. ಎಡಗಡೆ ಬಣ್ಣದ ಚೌಕಗಳು, ಕೆಳಗೆ ನಮ್ಮದೇ ಬಣ್ಣಗಳನ್ನು ಇಟ್ಟುಕೊಳ್ಳಲು ಖಾಲಿ ಚೌಕಗಳು, ಬಲಗಡೆ ಕಾಮನಬಿಲ್ಲು ಕರಗಿ ಹರಿದಂಥ ಒಂದು ಪಟ್ಟಿ. ಅದರ ಕೆಳಗೆ ಯಾರೂ ನೋಡದ ಮೂಲೆಯಲ್ಲಿ ಅಂಕಿಗಳು. ಕೆಂಪು ಇಷ್ಟು, ಹಸಿರು ಇಷ್ಟು, ನೀಲಿ ಇಷ್ಟು, ಪ್ರತಿಯೊಂದೂ ಸೊನ್ನೆಯಿಂದ ಇನ್ನೂರೈವತ್ತೈದರವರೆಗೆ. ಆ ಅಂಕಿಗಳನ್ನು ನೋಡಿದ ಕ್ಷಣ ನನಗೆ ಜೀವ ಬಂತು. ಕೆಂಪು ಹೆಚ್ಚಿದ್ದು ಹಸಿರು ಕಡಿಮೆ ಇದ್ದರೆ ಅದು ಕೆಂಪು, ಇದಕ್ಕೆ ಕಣ್ಣೇಕೆ ಬೇಕು? ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಎನ್ನುತ್ತಾರಲ್ಲ, ನನ್ನ ಮೆಳ್ಳೆಗಣ್ಣು ಆ ಅಂಕಿಗಳು.

ಎಚ್ಚರಿಕೆಯ ಮಾತೊಂದು. ಎಲ್ಲರೂ ಕೆಂಪು, ಹಸಿರು, ನೀಲಿ ಎಂಬ ಕ್ರಮದಲ್ಲಿ ಬರೆಯುತ್ತಾರೆ. ಆದರೆ ಆ ಕಿಟಕಿ ಬಣ್ಣವನ್ನು ಒಳಗೊಳಗೆ ನೀಲಿ, ಹಸಿರು, ಕೆಂಪು ಎಂದು ತಿರುವುಮುರುವಾಗಿ ಇಟ್ಟುಕೊಂಡಿರುತ್ತದೆ. ಏಕೆ ಎಂದು ಕೇಳಬೇಡಿ, ಮಾಡಿದವರಿಗೂ ನೆನಪಿರಲಿಕ್ಕಿಲ್ಲ. ಇದು ಗೊತ್ತಿಲ್ಲದೆ ನಾನು ಬರೆದ ಪ್ರೋಗ್ರಾಮನ್ನು ಜಯೇಶಭಾಯ್ ದೀಪಾವಳಿ ಪೂಜೆಯ ದಿನ ಗಿರಾಕಿಗಳ ಮುಂದೆ ಶುರು ಮಾಡಿದರು. ಶುಭವಾಗಲಿ ಎಂದು ಮೊದಲು ತೆರೆದದ್ದು ಲಕ್ಷ್ಮಿಯ ಚಿತ್ರ. ಲಕ್ಷ್ಮಿಯ ಮುಖ ಕಡುನೀಲಿ. ನೀಲಿ ನನಗೂ ಚೆನ್ನಾಗಿ ಕಾಣುತ್ತದೆ, ಹಾಗಾಗಿ ಮೆಲ್ಲಗೆ ಬಾಗಿಲ ಕಡೆ ಸರಿದೆ. ಜಯೇಶಭಾಯ್ ಮಾತ್ರ ಅಳುಕಲಿಲ್ಲ. ಗಿರಾಕಿಗಳ ಕಡೆ ತಿರುಗಿ, "ನೋಡಿ, ಯಜಮಾನರ ಬಣ್ಣ ಹೆಂಡತಿಗೂ ಬಂದಿದೆ. ಅನ್ಯೋನ್ಯ ದಾಂಪತ್ಯ," ಎಂದು ಕೈ ಮುಗಿದರು. ಮೇಲಧಿಕಾರಿಗಳ ಬಗ್ಗೆ ನನಗೆ ಗೌರವ ಬಂದ ಕೆಲವೇ ಗಳಿಗೆಗಳಲ್ಲಿ ಅದೊಂದು.

ಇನ್ನೊಂದು, ಕ್ಯಾನ್ಸಲ್ ಗುಂಡಿ. ಕಿಟಕಿ ತೆರೆದವರು ಮನಸ್ಸು ಬದಲಿಸಿ ಕ್ಯಾನ್ಸಲ್ ಒತ್ತಿದರೆ ಹಳೆಯ ಬಣ್ಣವೇ ಉಳಿಯಬೇಕು. ನೀವು ಗಿರಾಕಿ ಯಾವ ಗುಂಡಿ ಒತ್ತಿದ ಎಂದು ನೋಡದೆ ಕಿಟಕಿ ಕೊಟ್ಟದ್ದನ್ನು ಹಾಗೇ ತೆಗೆದುಕೊಂಡರೆ ಕಪ್ಪು ಬರುತ್ತದೆ. "ಬಣ್ಣ ಬೇಕೆಂದೇ ತೆರೆದವನು ಕ್ಯಾನ್ಸಲ್ ಏಕೆ ಒತ್ತುತ್ತಾನೆ?" ಎಂದು ಜಯೇಶಭಾಯ್ ಅದನ್ನು ಪರೀಕ್ಷೆ ಮಾಡಲು ಬಿಡಲಿಲ್ಲ. ವಾರ ಕಳೆಯುವುದರೊಳಗೆ ಸೂರತ್ತಿನಿಂದ ಫೋನು: "ನಿಮ್ಮ ಸಾಫ್ಟ್‌ವೇರಿನಲ್ಲಿ ನನ್ನ ಮದುವೆ ಸೀರೆಗೆ ಗ್ರಹಣ ಹಿಡಿದಿದೆ. ಬಿಡಿಸುತ್ತೀರೋ, ಬೇರೆಯವರನ್ನು ನೋಡಲೋ?"

ಫೋನು ಮಾಡಿದವರು ಕಾಂತಿಸೇಠ್. ಸೂರತ್ತಿನ ಹೊರಗೆ ಸಚಿನ್ ಕೈಗಾರಿಕಾ ಪ್ರದೇಶದಲ್ಲಿ ಅವರದು ದೊಡ್ಡ ಸೀರೆ ಗಿರಣಿ, ನಮ್ಮ ಕಂಪನಿಯ ಒಲೆ ಉರಿಯುತ್ತಿದ್ದುದೇ ಅವರಿಂದ. ಅವರ ಬಾಯಿಗೆ ಹೆದರದವರಿರಲಿಲ್ಲ. ಯಾರಾದರೂ ಹೊಸ ಬಣ್ಣ ತೋರಿಸಿದರೆ ಕನ್ನಡಕ ಮೂಗಿನ ತುದಿಗೆ ಇಳಿಸಿ ಕಿಟಕಿಯ ಮೂಲೆಯನ್ನೇ ದಿಟ್ಟಿಸುತ್ತಿದ್ದರು. "ಬಣ್ಣದ ಕಥೆ ಬೇಡ, ನಂಬರ್ ಹೇಳಿ," ಎನ್ನುತ್ತಿದ್ದರು. ಎಂಥ ಕಟ್ಟುನಿಟ್ಟಿನ ಮನುಷ್ಯ ಎಂದು ಎಲ್ಲರೂ ಬೆರಗಾಗುತ್ತಿದ್ದರು. ನಾನೂ ಬೆರಗಾದವರಲ್ಲಿ ಒಬ್ಬ.

ಅಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದವರು ಹೇತಲ್‌ಬೆನ್. ಸೂರತ್ತಿನ ರೂಢಿ ನಿಮಗೆ ಗೊತ್ತಿರಲಿ. ಒಂದು ವಿನ್ಯಾಸವನ್ನು ಒಂದೇ ಬಣ್ಣದಲ್ಲಿ ಮಾರುವುದಿಲ್ಲ. ಅದೇ ಹೂವು ಅದೇ ಬಳ್ಳಿಯನ್ನು ಆರೋ ಎಂಟೋ ಬಣ್ಣಗಳಲ್ಲಿ ಮುದ್ರಿಸಿ ಒಂದು ಕಟ್ಟು ಮಾಡುತ್ತಾರೆ, ಅದಕ್ಕೆ ಮ್ಯಾಚಿಂಗ್ ಎನ್ನುತ್ತಾರೆ. ವ್ಯಾಪಾರಿ ಇಡೀ ಕಟ್ಟನ್ನೇ ಕೊಳ್ಳಬೇಕು. ಕಟ್ಟಿನಲ್ಲಿ ಒಂದು ಬಣ್ಣ ಕೆಟ್ಟರೂ ಇಡೀ ಕಟ್ಟು ವಾಪಸು ಬರುತ್ತದೆ. ಹೇತಲ್‌ಬೆನ್ ದಿನವೆಲ್ಲ ನಮ್ಮ ಕಿಟಕಿ ತೆರೆದು ಈ ಮ್ಯಾಚಿಂಗ್ ಕೂಡಿಸುತ್ತಿದ್ದರು. ಅವರ ಬಾಯಲ್ಲಿ ಬಣ್ಣಗಳಿಗೆ ಮನೆಮಂದಿಯಂತೆ ಹೆಸರು. ಕಣ್ಣು ಕುಕ್ಕುವ ಗುಲಾಬಿ ಎಂದರೆ ರಾಣಿ, ಗಿಣಿಹಸಿರು ಎಂದರೆ ಪೋಪಟಿ, ಗಜ್ಜರಿಯ ಕೇಸರಿ ಎಂದರೆ ಗಾಜರಿ. ಫೋನಿನಲ್ಲಿ "ದೇಸಾಯಿಭಾಯ್, ಗಾಜರಿ ಸ್ವಲ್ಪ ಸತ್ತ ಹಾಗಿದೆ," ಎನ್ನುತ್ತಿದ್ದರು. "ನಂಬರ್ ಹೇಳಿ ಬೆನ್," ಎನ್ನುತ್ತಿದ್ದೆ. "ನೀವು ನಮ್ಮ ಸೇಠ್‌ಗಿಂತ ಕಡೆ," ಎಂದು ನಗುತ್ತಿದ್ದರು.

ಒಮ್ಮೆ ತರಬೇತಿ ಕೊಡಲು ವಡೋದರಾದಿಂದ ಬೆಳಗಿನ ರೈಲು ಹಿಡಿದು ಹೋಗಿದ್ದೆ. ಸಚಿನ್‌ನಲ್ಲಿ ರಿಕ್ಷಾದಿಂದ ಇಳಿದರೆ ರಾಸಾಯನಿಕದ ಗಾಳಿಯೇ ಮೂಗಿಗೆ ಹೊಡೆಯುತ್ತದೆ. ಊಟದ ಹೊತ್ತಿಗೆ ಹೇತಲ್‌ಬೆನ್ ಬಟ್ಟೆಯ ಎರಡು ತುಂಡುಗಳನ್ನು ಕಂಪ್ಯೂಟರಿನ ಪಕ್ಕ ಹಿಡಿದರು. "ಪರದೆ ಮೇಲಿರುವ ಗಾಜರಿಗೆ ಯಾವುದು ಹತ್ತಿರ? ನಿಮ್ಮ ಅಭಿಪ್ರಾಯ ಹೇಳಿ," ಎಂದರು.

"ಇವುಗಳ ನಂಬರ್ ಎಷ್ಟು?"

"ಬಟ್ಟೆಗೆ ಯಾವ ನಂಬರ್ ದೇಸಾಯಿಭಾಯ್? ಕಣ್ಣಿಂದ ನೋಡಿ."

ಕಣ್ಣಿಂದ ನೋಡಿದೆ. ಎರಡೂ ಒಂದೇ ತಾಯಿಯ ಮಕ್ಕಳು. ಧೈರ್ಯ ಮಾಡಿ ಎಡಗಡೆಯದನ್ನು ಮುಟ್ಟಿದೆ. ಅವರು ನನ್ನ ಮುಖ ನೋಡಿದರು, ಬಟ್ಟೆ ನೋಡಿದರು, ಮತ್ತೆ ನನ್ನ ಮುಖ ನೋಡಿ ಮೆಲ್ಲಗೆ, "ತಮೆ ಪಣ್?" ಎಂದರು. ನೀವೂನಾ ಎಂದರ್ಥ. ಆ "ಊ" ಬಗ್ಗೆ ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಸಿಕ್ಕಿಬಿದ್ದೆ ಎಂಬುದಷ್ಟೇ ತಲೆಯಲ್ಲಿ ಗುಂಯ್‌ಗುಟ್ಟುತ್ತಿತ್ತು. ಬಣ್ಣ ಕಾಣದವನನ್ನು ಬಣ್ಣದ ಕೆಲಸದಲ್ಲಿ ಯಾವ ಮಾಲೀಕ ಇಟ್ಟುಕೊಳ್ಳುತ್ತಾನೆ? ಮಗಳು ಆಗ ಶಾಲೆಯಲ್ಲಿದ್ದಳು, ಬೇರೆ ಕಡೆ ಹೋಗಿ ಹೊಸದಾಗಿ ಶುರು ಮಾಡುವ ವಯಸ್ಸು ನನ್ನದಲ್ಲ. ನೌಕರಿ ಹೋಗುತ್ತದೆಂದು ನನಗೆ ನಿಜವಾಗಿ ಹೆದರಿಕೆಯಾಯಿತು.

"ಯಾರಿಗೂ ಹೇಳಬೇಡಿ," ಎಂದೆ.

"ನನಗೆ ಅಭ್ಯಾಸ ಇದೆ," ಎಂದರು ಹೇತಲ್‌ಬೆನ್. ಆ ಮಾತಿನ ಅರ್ಥವೂ ನನಗೆ ಆಗಲಿಲ್ಲ. ಮುಂದಿನ ಸಲದಿಂದ ನನ್ನ ಮುಂದೆ ಬರುವ ಪ್ರತಿ ಬಟ್ಟೆ ತುಂಡಿಗೂ ಒಂದು ಚೀಟಿ, ಚೀಟಿಯ ಮೇಲೆ ನಂಬರ್ ಇರುತ್ತಿತ್ತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡು ನಾನೂ ಸುಮ್ಮನಾದೆ.

ದೊಣ್ಣೆ ಮತ್ತೆ ಎತ್ತಿದವನು ಜಯೇಶಭಾಯ್ ಮಗ ಚಿಂತನ್. ಅವನು ವಿನ್ಯಾಸ ಓದಿ ಬಂದವನು. ಬಂದವನೇ ಆಫೀಸನ್ನು ಅಹಮದಾಬಾದಿನ ಬೋಪಾಲ್ ಬಡಾವಣೆಗೆ ಒಯ್ದ. ನಾವೂ ಮನೆ ಬದಲಿಸಿ ಅಲ್ಲೇ ಒಂದು ಅಪಾರ್ಟ್‌ಮೆಂಟಿನ ಒಂಬತ್ತನೆಯ ಮಹಡಿ ಹತ್ತಿದೆವು. ಹುಡುಗ ಒಳ್ಳೆಯವನು, ನನ್ನನ್ನು ಕಾಕಾ ಎಂದೇ ಕರೆಯುತ್ತಿದ್ದ. ಆದರೆ ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ಚೆನ್ನಾಗಿದ್ದ ನನ್ನ ಕಿಟಕಿಯ ಮೇಲೆ ಅವನ ಉಳಿ ಬಿತ್ತು.

"ಕಾಕಾ, ಈ ನಂಬರ್‌ಗಳನ್ನು ಕಿತ್ತು ಹಾಕೋಣ," ಎಂದ ಒಂದು ದಿನ. "ಬಣ್ಣ ಅಂದರೆ ಅನುಭವ. ಅಂಕಿ ನೋಡಿ ಯಾರಾದರೂ ಪ್ರೀತಿ ಮಾಡುತ್ತಾರಾ? ಒಂದು ದುಂಡನೆಯ ಚಕ್ರ ಇಡೋಣ. ಸುತ್ತಲೂ ಎಲ್ಲ ಬಣ್ಣ, ಬೆರಳಾಡಿಸಿದರೆ ಸಾಕು."

"ಒಂದು ಮೂಲೆಯಲ್ಲಿ ಚಿಕ್ಕದಾಗಿ ಇರಲಿ ಬಿಡಪ್ಪ," ಎಂದೆ.

"ಗಿರಾಕಿಗೆ ಹೆದರಿಕೆ ಆಗುತ್ತೆ ಕಾಕಾ."

ಹೆದರಿಕೆ ಯಾರಿಗೆ ಆಗುತ್ತಿದೆ ಎಂದು ಹೇಳುವ ಹಾಗಿರಲಿಲ್ಲ. ಚಕ್ರ ಬಂತು, ನಂಬರ್ ಹೋಯಿತು. ಆ ಚಕ್ರದಲ್ಲಿ ಹಳದಿಯ ಒಂದು ಪಕ್ಕಕ್ಕೆ ಕೇಸರಿ, ಇನ್ನೊಂದು ಪಕ್ಕಕ್ಕೆ ಗಿಣಿಹಸಿರು. ನನಗೆ ಎರಡೂ ಪಕ್ಕ ಒಂದೇ. ಬೇರೆ ಕಡೆಯಿಂದ ನಂಬರ್ ಇಣುಕಿ ನೋಡುವ ಕಳ್ಳದಾರಿಯೊಂದನ್ನು ನನ್ನ ಕಂಪ್ಯೂಟರಿನಲ್ಲಿ ಮಾಡಿಕೊಂಡೆ. ಗಿರಾಕಿಯ ಕಂಪ್ಯೂಟರಿನಲ್ಲಿ ಅದು ಇರುವುದಿಲ್ಲವೆಂದು ಗೊತ್ತಿತ್ತು. ಗಿರಾಕಿಗಳು ಚಕ್ರವನ್ನು ಒಪ್ಪಿಕೊಂಡರೆ ಇನ್ನು ನನ್ನ ಆಟ ನಡೆಯುವುದಿಲ್ಲ ಎಂಬುದೂ ಗೊತ್ತಿತ್ತು. ಸುಮಾಳಿಗೆ ಹೇಳಿದೆ. "ಹೋದರ ಹೋಗಲಿ ಬಿಡ್ರಿ, ಗದಗಿಗೆ ಹೋಗಿ ಮಿರ್ಚಿ ಭಜಿ ಅಂಗಡಿ ಇಡೂಣು," ಎಂದಳು. ಸ್ವಲ್ಪ ಯೋಚಿಸಿ, "ಮೆಣಸಿನಕಾಯಿ ಮಾತ್ರ ನಾನ ಆರಸ್ತೀನಿ," ಎಂದೂ ಸೇರಿಸಿದಳು.

ಹೊಸ ಕಿಟಕಿಯನ್ನು ಮೊದಲು ತೋರಿಸಬೇಕಾದದ್ದು ಕಾಂತಿಸೇಠ್‌ಗೆ. ಚಿಂತನ್ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಸಚಿನ್‌ಗೆ ಹೊರಟ. ದಾರಿಯುದ್ದಕ್ಕೂ ಅವನು ಬಣ್ಣದ ಅನುಭವದ ಬಗ್ಗೆ ಮಾತಾಡಿದ, ನಾನು ಭಜಿಯ ಬಗ್ಗೆ ಯೋಚಿಸಿದೆ.

ಸೇಠ್ ಅವರ ಕೋಣೆಯಲ್ಲಿ ದೊಡ್ಡ ಪರದೆ. ಒಂದು ಕಡೆ ಸೇಠ್, ಪಕ್ಕದಲ್ಲಿ ಹೇತಲ್‌ಬೆನ್, ಹಿಂದೆ ಗಿರಣಿಯ ನಾಲ್ಕೈದು ಜನ. ಚಿಂತನ್ ಚಕ್ರ ತೆರೆದು ವಿವರಿಸಿದ. ಸೇಠ್ ಕನ್ನಡಕ ಇಳಿಸಿ ಮೂಲೆಯಲ್ಲಿ ಏನನ್ನೋ ಹುಡುಕಿದರು, ಸಿಗಲಿಲ್ಲ. ಆಗ ಚಿಂತನ್‌ಗೆ ಒಂದು ಹೊಳಹು ಬಂತು. "ಇದು ಎಷ್ಟು ಸುಲಭ ಅಂದರೆ, ನಮ್ಮ ಕಾಕಾ ಕೂಡ ಒಂದೇ ಸಲಕ್ಕೆ ಆರಿಸುತ್ತಾರೆ. ಕಾಕಾ, ಈ ಮದುವೆ ಸೀರೆಗೆ ಒಂದು ಗಾಜರಿ ಹಾಕಿ."

ಮೌಸ್ ನನ್ನ ಕೈಗೆ ಬಂತು. ಹೇತಲ್‌ಬೆನ್ ಬಾಯಿ ತೆರೆದರು, ಆದರೆ ಅಷ್ಟು ಜನರ ಮುಂದೆ ಏನೆಂದು ಹೇಳುತ್ತಾರೆ? ನಾನು ಹಳದಿಯನ್ನು ಹಿಡಿದೆ. ಅಲ್ಲಿಂದ ಒಂದು ಪಕ್ಕಕ್ಕೆ ಸರಿಯಬೇಕು. ಯಾವ ಪಕ್ಕ? ಆಫೀಸಿನಲ್ಲಿ ನೋಡಿದ್ದು ಬಲಕ್ಕೋ ಎಡಕ್ಕೋ, ಗಾಬರಿಯಲ್ಲಿ ಮರೆತಿತ್ತು. ಮನೆದೇವರನ್ನು ನೆನೆದು ಒಂದು ಕಡೆ ಒತ್ತಿದೆ. ಪರದೆಯ ಸೀರೆಗೆ ಬಣ್ಣ ತುಂಬಿತು.

ಚಿಂತನ್ ಬಾಯಿ ತೆರೆದೇ ಇತ್ತು. ಹಿಂದೆ ಯಾರೋ ಕೆಮ್ಮಿದರು. ಆ ಮುಖಗಳನ್ನು ನೋಡಿದರೆ ಸಾಕಿತ್ತು, ಮದುವಣಗಿತ್ತಿಗೆ ನಾನು ಗಿಣಿಹಸಿರು ಉಡಿಸಿದ್ದೆ. ಭಜಿಯ ಎಣ್ಣೆ ಕಾದ ವಾಸನೆ ಮೂಗಿಗೆ ಬಡಿದಂತಾಯಿತು.

ಸೇಠ್ ಪರದೆಯತ್ತ ಬಾಗಿದರು, ಚೆನ್ನಾಗಿ ನೋಡಿದರು. ಮೇಜಿಗೆ ಅಂಗೈ ಬಡಿದು ಗಟ್ಟಿಯಾಗಿ ಹೇಳಿದರು: "ಬರಾಬರ್ ಛೆ, ಸರಿಯಾಗಿದೆ! ಇದು ಗಾಜರಿ ಅಂದರೆ!"

ನನಗೆ ಹೋದ ಜೀವ ಬಂತು. ಸರಿಯಾದ ಪಕ್ಕವೇ ಒತ್ತಿದೆನಲ್ಲ ಎಂದು ಹಿಗ್ಗಿ ಹೇತಲ್‌ಬೆನ್ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು, ಸೆರಗು ಬಾಯಿಗೆ ಹೋಗಿತ್ತು. ಆಗ ನನಗೆ ಹೊಳೆಯಿತು. ನೀವೂನಾ ಎಂದು ಅವರು ಕೇಳಿದ್ದು, ಅಭ್ಯಾಸ ಇದೆ ಎಂದದ್ದು ಯಾರನ್ನು ನೆನೆದು ಎಂದು ಅರ್ಥವಾಯಿತು.

"ಸೇಠ್, ಅದು ಗಾಜರಿ ಅಲ್ಲ, ಅದು..." ಎಂದು ಚಿಂತನ್ ಶುರು ಮಾಡಿದ.

"ಚಿಂತನ್‌ಭಾಯ್," ಎಂದರು ಹೇತಲ್‌ಬೆನ್ ತಲೆ ಎತ್ತದೆ, "ಸೇಠ್ ಬರಾಬರ್ ಅಂದಿದ್ದಾರೆ."

ಹಿಂದಿದ್ದ ಗಿರಣಿಯವರೆಲ್ಲ ಒಟ್ಟಿಗೆ ತಲೆಯಾಡಿಸಿದರು. ಆ ಗಳಿಗೆಯಿಂದ ಆ ಸೀರೆ ಗಾಜರಿ. ಇಡೀ ಸೂರತ್ತಿನಲ್ಲಿ ಅದನ್ನು ಹಸಿರು ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಆದರೆ ಸೇಠ್ ಸುಮ್ಮನೆ ಕೂರುವವರಲ್ಲ. ಸುತ್ತಲಿನ ಮುಖಗಳ ಮೇಲೆ ಒಮ್ಮೆ ಕಣ್ಣಾಡಿಸಿದರು. ಅವರ ದನಿ ಬದಲಾಯಿತು. "ನಂಬರ್ ಎಲ್ಲಿ?"

"ನಂಬರ್ ತೆಗೆದಿದ್ದೇವೆ ಸೇಠ್. ಬಣ್ಣ ಅಂದರೆ ಅನುಭವ..."

"ಮುಂದಿನ ತಿಂಗಳು ಕೋಲ್ಕತ್ತಾದ ವ್ಯಾಪಾರಿ ಇದೇ ಬಣ್ಣದಲ್ಲಿ ಇನ್ನೊಂದು ಕಟ್ಟು ಕೇಳುತ್ತಾನೆ. ಆಗ ಇದೇ ಬಣ್ಣ ಮತ್ತೆ ತೆಗೆದು ತೋರಿಸು."

ಚಿಂತನ್ ಬೇರೆ ಬಣ್ಣಕ್ಕೆ ಹೋಗಿ ಮರಳಿ ಬಂದ. ಚಕ್ರದ ಮೇಲೆ ಹಿಂದಕ್ಕೆ ಮುಂದಕ್ಕೆ ಬೆರಳಾಡಿಸಿದ. ಹತ್ತಿರ ಬರುತ್ತಿತ್ತಂತೆ, ಅದೇ ಆಗುತ್ತಿರಲಿಲ್ಲವಂತೆ. ಹೇತಲ್‌ಬೆನ್ ಪ್ರತಿ ಸಲವೂ "ಇಲ್ಲ," ಎನ್ನುತ್ತಿದ್ದರು. ಆ ಎರಡಕ್ಷರವನ್ನು ಅಷ್ಟು ಸಂತೋಷದಿಂದ ನಾನು ಹಿಂದೆಂದೂ ಕೇಳಿರಲಿಲ್ಲ.

"ನಂಬರ್ ಇಲ್ಲದ ಕಿಟಕಿ ನನ್ನ ಗಿರಣಿಗೆ ಬೇಡ," ಎಂದರು ಸೇಠ್. "ಚಕ್ರ ಬೇಕಾದರೆ ಇರಲಿ, ಮಕ್ಕಳು ಆಡಿಕೊಳ್ಳಲಿ. ನಂಬರ್ ದೊಡ್ಡದಾಗಿ ಹಾಕಿ. ದೇಸಾಯಿಭಾಯ್ ಕೈಯಲ್ಲೇ ಮಾಡಿಸಿ."

ನೌಕರಿ ಉಳಿಯಿತು. ಎಲ್ಲರೂ ಊಟಕ್ಕೆ ಎದ್ದರು. ನಾನೂ ಏಳುತ್ತಿದ್ದಾಗ ಸೇಠ್ ಕೈ ಅಡ್ಡ ಹಿಡಿದರು. "ನೀವು ಕೂತಿರಿ." ಬಾಗಿಲು ಮುಚ್ಚುವವರೆಗೆ ಕಾದರು.

"ನಾನು ಬರಾಬರ್ ಅಂದಾಗ ಎಲ್ಲರ ಮುಖವೂ ಇಳಿಯಿತು," ಎಂದರು ಮೆಲ್ಲಗೆ. "ನಿಮ್ಮ ಮುಖ ಒಂದೇ ಅರಳಿತು."

ಏನು ಹೇಳಿದರೂ ಯಾರದ್ದಾದರೂ ಮರ್ಯಾದೆ ಹೋಗುತ್ತಿತ್ತು.

"ಒಂದು ವಿಷಯ ಕೇಳಬೇಕು. ಇಷ್ಟು ವರ್ಷ ಕೇಳಲು ಯಾರೂ ಸಿಕ್ಕಿರಲಿಲ್ಲ." ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡರು. "ಟೊಮೆಟೊ ಹಣ್ಣಾಗಿದೆಯೋ ಇಲ್ಲವೋ ನಿಮಗೆ ಹೇಗೆ ಗೊತ್ತಾಗುತ್ತೆ?"

"ಹಿಚುಕಿ ನೋಡುತ್ತೇನೆ ಸೇಠ್."

"ತರಕಾರಿಯವಳು ಬೈತಾಳಾ?"

"ಪ್ರತಿ ಸಲ."

"ನನಗೂ," ಎಂದರು ಕಾಂತಿಸೇಠ್.

ಇಡೀ ಸಚಿನ್ ಹೆದರುತ್ತಿದ್ದ ಆ ಮುದುಕ ಕುರ್ಚಿಯ ಕೈ ಹಿಡಿದುಕೊಂಡು ನಗತೊಡಗಿದರು. ಹೊಟ್ಟೆ ಕುಣಿಯಿತು, ಕಣ್ಣಲ್ಲಿ ನೀರು ಬಂತು. ನನಗೂ ತಡೆಯಲಾಗಲಿಲ್ಲ. ಹುಟ್ಟಿದಾಗಿನಿಂದ ನನ್ನ ಕಣ್ಣಿನ ವಿಷಯಕ್ಕೆ ಬೇರೆಯವರು ನಕ್ಕಿದ್ದರು, ನಾನು ಅಳುಕುತ್ತಲೇ ಬಂದಿದ್ದೆ. ಅಳುಕಿಲ್ಲದೆ ನಾನೇ ನಕ್ಕದ್ದು ಆ ದಿನ. ಸದ್ದಿಗೆ ಹೇತಲ್‌ಬೆನ್ ಓಡಿ ಬಂದು ಬಾಗಿಲು ತೆರೆದು, "ಏನಾಯಿತು ಸೇಠ್?" ಎಂದರು.

ಸೇಠ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಏನಿಲ್ಲ ಬೆನ್," ಎಂದರು, "ತರಕಾರಿ ಮಾತಾಡುತ್ತಿದ್ದೇವೆ. ಬಾಗಿಲು ಹಾಕಿಕೊಂಡು ಹೋಗಿ."